ಮತ್ತೆ ಬಿಟ್ಟ ಸಂದು

ಅತ್ತಿಗೆ ಫೋನಿಗೆ ಕಳಿಸಿದ್ದ ಚಿತ್ರದಲ್ಲಿ ಕುರ್ಚಿ ಪೂರ್ತಿ ಇರಲಿಲ್ಲ. ಎಡಗಡೆಯ ತೋಳು ಹೋಗಿ ಹಿಂದಿನ ಕಾಲಿಗೆ ಕೂಡುವ ಜಾಗವಷ್ಟೇ ಇತ್ತು. ಅಲ್ಲಿ ಅಂಟು ಬಿಟ್ಟು, ಉಗುರು ತೂರುವಷ್ಟು ಬಿರುಕು ಬಿದ್ದು, ಒಳಗೆ ಕಪ್ಪಗೆ ಕಾಣುತ್ತಿತ್ತು. ಚಿತ್ರದ ಹಿಂದೆಯೇ ಅವರ ದನಿ ಬಂತು. “ತಮ್ಮಾ, ಮಾವಾರ ಖುರ್ಚಿ ಬಾಯಿ ತೆರದೈತಿ. ನಿಮ್ಮಣ್ಣ ನಿನಗ ಹೇಳಬ್ಯಾಡ ಅಂತಾರ. ನೀ ಲಗೂ ಬಾ.”

ನಾನು ರಾಣೆಬೆನ್ನೂರಿನಲ್ಲಿ ಹಳೆಯ ಮರದ ಸಾಮಾನು ರಿಪೇರಿ ಮಾಡುವವನು. ಅಜ್ಜಿಯ ಕಾಲದ ಮಂಚ, ಕಾಲು ಅಲ್ಲಾಡುವ ಮೇಜು, ಬಾಗಿಲು ಜೋತುಬಿದ್ದ ಕಪಾಟು, ಇವೇ ನನ್ನ ಅನ್ನ. ಹೊಸದು ಮಾಡುವುದನ್ನು ಬಿಟ್ಟು ಬಹಳ ದಿನವಾಯಿತು. ಹೊಸದೆಂದರೆ ಈಗ ಹಲಗೆಯ ಹಾಳೆ ಕತ್ತರಿಸಿ ಮೇಲೆ ಬಣ್ಣದ ಕಾಗದ ಅಂಟಿಸುವುದು. ಅದನ್ನು ಮಾಡುವವರು ಮಾಡಿಕೊಳ್ಳಲಿ, ನನಗೆ ಸಿಟ್ಟು ಬರುತ್ತದೆ. ಊರಮಂದಿಯ ಸಂದು ಕೂಡಿಸುವವನ ಮನೆಯ ಕುರ್ಚಿಯೇ ಬಿಟ್ಟಿದೆ ಎಂದು ಅವತ್ತು ಮೊದಲು ನಗು ಬಂತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತು ಅನ್ನುತ್ತಾರಲ್ಲ, ಹಾಗೆ.

ಕುರ್ಚಿ ಇರುವುದು ಬ್ಯಾಡಗಿಯ ನಮ್ಮ ಹಿರಿಮನೆಯಲ್ಲಿ. ಅಪ್ಪ ಸಾಗವಾನಿಯಲ್ಲಿ ಮಾಡಿದ್ದು. ಎರಡು ಅಗಲ ತೋಳು, ಬೆತ್ತದ ಬೆನ್ನು. ಎಲ್ಲಿಯೂ ಒಂದು ಮೊಳೆ ಇಲ್ಲ. ಒಂದು ಕಟ್ಟಿಗೆಯ ತುದಿಯನ್ನು ನಾಲಿಗೆಯಂತೆ ಕೊರೆದು, ಇನ್ನೊಂದರ ತೂತಿನೊಳಗೆ ಕೂರಿಸಿ, ತೊಗಲು ಕುದಿಸಿ ಮಾಡಿದ ಅಂಟಿನಿಂದ ಹಿಡಿಸಿದ ಸಂದುಗಳು. ಅಪ್ಪನ ನಂತರ ಅದರಲ್ಲಿ ಕೂರುತ್ತ ಬಂದವನು ಅಣ್ಣ. ನನಗಿಂತ ಬಹಳ ದೊಡ್ಡವನು. ನನ್ನ ಕೈಗೆ ಉಳಿ ಕೊಟ್ಟವನೂ, ಉಳಿ ಹಿಡಿದದ್ದು ಸರಿಯಿಲ್ಲವೆಂದು ಆ ಕೈಗೆ ಹೊಡೆದವನೂ ಅವನೇ. “ಮೊಳಿ ಹೊಡಿಯಾವ ಬಡಿಗ ಅಲ್ಲಲೇ, ಟೊಮೆಟೊ ಪೆಟಿಗಿ ಮಾಡಾವ” ಎನ್ನುತ್ತಿದ್ದ. ಅಪ್ಪನ ಕುರ್ಚಿಯನ್ನು ಒರೆಸುವುದಕ್ಕೂ ನನ್ನನ್ನು ಬಿಟ್ಟವನಲ್ಲ.

ಆದ್ದರಿಂದ ನಗು ಮುಗಿದ ಮೇಲೆ ಒಂದು ಮಾತು ತಲೆಗೆ ಬಂತು. ಅವನೇ ಯಾಕೆ ಕೂಡಿಸಿಕೊಳ್ಳಲಿಲ್ಲ? ಕೆಲಸ ಬಿಟ್ಟಿದ್ದರೂ ಉಳಿ, ಗರಗಸ, ಹತಾರಗಳೆಲ್ಲ ಮನೆಯಲ್ಲಿವೆ. ವಯಸ್ಸಾಯಿತು, ಕಣ್ಣು ಮಂಜಾಗಿರಬೇಕು ಎಂದುಕೊಂಡು ಅಂಟಿನ ಡಬ್ಬಿ ಚೀಲಕ್ಕೆ ಹಾಕಿದೆ.

ಮೆಣಸಿನಕಾಯಿಯ ಸುಗ್ಗಿ. ಬ್ಯಾಡಗಿ ನಿಲ್ದಾಣದಲ್ಲಿ ಇಳಿದವರೆಲ್ಲ ಮೊದಲು ಮಾಡುವ ಕೆಲಸ ಸೀನುವುದು. ಗಾಳಿಯೊಳಗೇ ಖಾರ ಇರುತ್ತದೆ. ಮಾರುಕಟ್ಟೆಗೆ ಹತ್ತಿರದ ಮನೆಗಳಲ್ಲಿ ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಸಂಜೆಗೆ ಕೆಂಪು ಧೂಳು ಕೂತಿರುತ್ತದೆ. ನಮ್ಮ ಮನೆ ಅಂಥದ್ದೊಂದು.

ಅಣ್ಣ ಕುರ್ಚಿಯಲ್ಲಿ ಕೂತೇ ಇದ್ದ. ಬಲಗೈ ಮೇಲೆ ಟವೆಲ್ ಹೊದ್ದಿಸಿಕೊಂಡಿದ್ದ. “ಏನಲೇ, ಸುದ್ದಿ ಮುಟ್ಟಿತೇನು ಸಾಹುಕಾರಗ?” ಎಂದ.

“ಕೈಗೇನಾಗೇತಿ ಅಣ್ಣಾ?”

“ಥಂಡಿ ಹಿಡದೈತಿ. ಬೆರಳು ಜೋಮು ಹಿಡದಂಗ ಆಗ್ತಾವ. ಎಣ್ಣಿ ಹಚ್ಚಾಳ ನಿಮ್ಮತ್ತಿಗಿ.”

ಅವನು ಎದ್ದು ಮಂಚಕ್ಕೆ ಹೋಗಿ ಕೂತ. ನಾನು ಹತಾರದ ಕೋಣೆಗೆ ಹೋದೆ. ಅದರ ಬಾಗಿಲು ಗಿಡ್ಡ. ಹತಾರ ಮುಟ್ಟುವವನು ತಲೆ ಬಾಗಿ ಒಳಗೆ ಹೋಗಲಿ ಎಂದು ಅಪ್ಪ ಬೇಕೆಂದೇ ಹಾಗೆ ಇಡಿಸಿದ್ದು. ಸಂಕ್ರಾಂತಿಯ ಹೊತ್ತಿಗೆ ಅಣ್ಣ ಅದೇ ಚೌಕಟ್ಟಿಗೆ ಜೋರಾಗಿ ತಲೆ ಬಡಿಸಿಕೊಂಡಿದ್ದ. ಅತ್ತಿಗೆ ಅರಿಷಿಣ ಮೆತ್ತಿದ್ದರು. “ಬಾಗಲಕ್ಕ ನನ್ನ ಗುರ್ತ ಮರತೈತಿ” ಎಂದು ಅವನು ನಕ್ಕಿದ್ದ. ಅದು ಅಲ್ಲಿಗೇ ಮರೆತುಹೋಗಿತ್ತು.

ಹಳೆಯ ಅಂಟಿನ ಸಂದು ಕೂಡಿಸುವುದಕ್ಕೆ ಅವಸರ ಸಲ್ಲದು. ಬಿಟ್ಟ ಜಾಗಕ್ಕೆ ಮೇಲಿನಿಂದ ಬಿಳಿ ಅಂಟು ಸುರಿದು ಕಟ್ಟಿಬಿಡುವವರು ಬಹಳ. ಒಳಗೆ ಹಳೆಯ ಅಂಟಿನ ಪೊರೆ ಇರುವಾಗ ಹೊಸದು ಕಟ್ಟಿಗೆಯನ್ನು ಮುಟ್ಟುವುದೇ ಇಲ್ಲ. ಮೊದಲು ಬಿಸಿನೀರಿನ ಬಟ್ಟೆ ಸುತ್ತಿ ಹಳೆಯದನ್ನು ಮೆತ್ತಗೆ ಮಾಡಬೇಕು. ತೋಳನ್ನು ಅಲ್ಲಾಡಿಸದೆ ನೇರವಾಗಿ ಎಳೆಯಬೇಕು. ನಾಲಿಗೆಯನ್ನೂ ತೂತನ್ನೂ ಕೆರೆದು ಬರಿ ಕಟ್ಟಿಗೆ ಕಾಣುವಂತೆ ಮಾಡಿ ಒಣಗಿಸಬೇಕು. ಆಮೇಲೆ ಬಿಸಿ ಅಂಟು, ಆಮೇಲೆ ಬಿಗಿತ. ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುಚಿ ಬಿಟ್ಟರೆ ಮರುದಿನದವರೆಗೆ ಯಾರೂ ಮುಟ್ಟಬಾರದು.

ತೋಳನ್ನು ಎಳೆದಾಗ ತೂತಿನಿಂದ ಒಂದು ಚಿಟಿಕೆ ಕೆಂಪು ಪುಡಿ ನೆಲಕ್ಕೆ ಉದುರಿತು. ಮೆಣಸಿನಕಾಯಿಯ ಧೂಳೇ. ಬಿರುಕಿನಲ್ಲಿ ಸೇರಿತ್ತು. ಅತ್ತಿಗೆ ಅಪಶಕುನ ಕಂಡವರಂತೆ ಸೆರಗು ಬಾಯಿಗಿಟ್ಟುಕೊಂಡರು.

ಅಂಟು ಕುದಿಸುವುದು ಹಿತ್ತಲಲ್ಲಿ. ತೊಗಲಿನ ನಾತ ಅಡುಗೆಮನೆಗೆ ಬರಕೂಡದು ಎಂದು ಅವ್ವನ ಕಾಲದಿಂದ ನಡೆದು ಬಂದ ಕಟ್ಟಳೆ. ಮೂರು ಕಲ್ಲಿನ ಒಲೆಯ ಮುಂದೆ ಕೂತಿದ್ದಾಗ ಅತ್ತಿಗೆ ಹತ್ತಿರ ಬಂದು ಮೆಲ್ಲಗೆ ಹೇಳಿದರು. “ಮಾವಾರು ಹೋಗೂ ಮುಂದನೂ ಈ ಖುರ್ಚಿ ಹಿಂಗ ಬಾಯಿ ಬಿಟ್ಟಿತ್ತು ತಮ್ಮಾ. ನಿನಗ ನೆನಪಿಲ್ಲ, ಆಗ ನೀ ರಾಣೆಬೆನ್ನೂರಾಗಿದ್ದಿ. ನಿಮ್ಮಣ್ಣನೇ ಅದನ್ನ ಕೂಡಿಸಿದ್ರು. ಆ ವರ್ಷಾನ ಮಾವಾರು ಹೋದ್ರು.”

“ಬ್ಯಾಸಿಗ್ಯಾಗ ಎಲ್ಲಾ ಕಟಗೀನೂ ಬಿಡತೈತ್ರಿ ಅತ್ತಿಗಿ. ಹಂಗಂತ ಮನ್ಯಾಗ ಒಬ್ಬೊಬ್ಬರನ್ನ ಕಳಸಾಕ ಆಗತೈತೇನು?” ಎಂದು ರೇಗಿದೆ. ಅವರು ಒಳಗೆ ಹೋದರು.

ನಮ್ಮ ಮನೆತನದ ಕೆಲಸಕ್ಕೆ ಕಡೆಯದೊಂದು ಪದ್ಧತಿ ಇದೆ. ಕುರ್ಚಿಯ ಸಂದು ಕೂಡಿಸಿ ಅಂಟು ಒಣಗಿದ ಮೇಲೆ, ಕುರ್ಚಿಯ ಯಜಮಾನ ಅದರಲ್ಲಿ ಕೂರಬೇಕು. ಎರಡೂ ಅಂಗೈ ಎರಡೂ ತೋಳಿಗೆ ಊರಿ, ತನ್ನ ಪೂರ್ತಿ ಭಾರ ಕೊಟ್ಟು ಏಳಬೇಕು. ಬಡಿಗ ಪಕ್ಕದಲ್ಲಿ ಮೊಣಕಾಲೂರಿ ಸಂದಿಗೆ ಕಿವಿ ಇಟ್ಟಿರುತ್ತಾನೆ. ಚಿಟ್ ಎಂದರೆ ಕೆಲಸ ಕೆಟ್ಟಿದೆ. ಸದ್ದಿಲ್ಲದಿದ್ದರೆ ಬಡಿಗನೇ ಬಾಯಿಬಿಟ್ಟು “ಗಟ್ಟಿ” ಅನ್ನಬೇಕು. ಇದಾಗದೆ ಸಾಮಾನು ಅಂಗಡಿ ದಾಟಿಸುವುದಿಲ್ಲ. ಎಷ್ಟೋ ದೊಡ್ಡ ಮನುಷ್ಯರನ್ನು ಹೀಗೆ ಕೂರಿಸಿ ಎಬ್ಬಿಸಿದ್ದೇನೆ.

ಆದರೆ ಬಡಿಗನ ಸಾಮಾನಿಗೆ ಇನ್ನೊಬ್ಬ ಬಡಿಗ ಹೀಗೆ ಕಿವಿ ಇಡುವುದಿಲ್ಲ. ಅದರಲ್ಲಿಯೂ ಕೆಲಸ ಕಲಿಸಿದವನನ್ನು ಕೂರಿಸಿ “ಏಳು, ನೋಡೋಣ” ಎನ್ನುವುದು ಅವನ ಮುಖಕ್ಕೆ ಉಗಿದ ಹಾಗೆ. ಅವನು ತಾನೇ ಕೂತು, ತಾನೇ ಎದ್ದು, ತಾನೇ ಹೇಳಬೇಕು. ನಾನು ಹಗ್ಗ ಬಿಗಿದು ಸಂಜೆಯ ಗಾಡಿಗೆ ಹೊರಟೆ. ಪ್ರತಿ ಸಲ ನಿಲ್ದಾಣದವರೆಗೆ ಬಂದು, ದಾರಿಯುದ್ದಕ್ಕೂ ನನ್ನ ಕೆಲಸದ ತಪ್ಪು ಹೇಳುವ ಅಣ್ಣ ಅವತ್ತು ಬಾಗಿಲಿನಿಂದಲೇ ಎಡಗೈ ಎತ್ತಿದ. ಮರುದಿನ ಫೋನಿನಲ್ಲಿ “ಎದ್ದೆನಲೇ. ಗಟ್ಟಿ ಐತಿ” ಎಂದ.

ಯುಗಾದಿಗೆ ಮುಂಚೆಯೇ ಮತ್ತೆ ಚಿತ್ರ ಬಂತು. ಅದೇ ತೋಳು, ಅದೇ ಸಂದು, ಅದೇ ಕಪ್ಪು.

ನನಗೆ ಅವಮಾನವಾಯಿತು. ನಾನು ಕೂಡಿಸಿದ ಸಂದು ಹಿಂದೆಂದೂ ಹೀಗೆ ಬಿಟ್ಟದ್ದಿಲ್ಲ. ಮತ್ತೆ ಹೋದೆ. ಈ ಸಲ ಅಣ್ಣ ಬೈಯುತ್ತಾನೆಂದು ತಯಾರಾಗಿ ಹೋಗಿದ್ದೆ. “ಧೂಳು ಒಳಗ ಹೊಕ್ಕೈತಿ ಅಣ್ಣಾ. ಮೆಣಸಿನಕಾಯಿ ಎಣ್ಣಿ ಅಂಟನ್ನ ಹಿಡಿಯಾಕ ಬಿಡೂದಿಲ್ಲ” ಎಂದೆ.

“ಕುಣಿಯಾಕ ಬಾರದಾಕಿ ಅಂಗಳ ಡೊಂಕು ಅಂದ್ಲಂತ” ಎಂದ ಅವನು. ಬೈಗುಳ ಅಷ್ಟಕ್ಕೇ ನಿಂತಿತು. ಮೊದಲಾದರೆ ಮಧ್ಯಾಹ್ನದವರೆಗೆ ನಡೆಯುತ್ತಿತ್ತು. ಮಾತೂ ಸ್ವಲ್ಪ ದಪ್ಪಗಾಗಿತ್ತು, ಎಲೆಅಡಿಕೆ ಬಾಯಲ್ಲಿಟ್ಟುಕೊಂಡು ಆಡಿದಂತೆ. ಬಾಯಲ್ಲಿ ಎಲೆಅಡಿಕೆ ಇದೆಯೆಂದೇ ನಾನು ತಿಳಿದೆ.

ಸಂದನ್ನು ಮತ್ತೆ ಬಿಚ್ಚಿ ನೋಡಿದಾಗ ನನಗೆ ಒಂದು ತಿಳಿಯಲಿಲ್ಲ. ನನ್ನ ಅಂಟು ಹಿಡಿದಿತ್ತು. ಅದು ಸೋತು ಬಿಟ್ಟದ್ದಲ್ಲ. ನಾಲಿಗೆಯ ಮೇಲೆ ಕಟ್ಟಿಗೆಯ ಎಳೆಗಳೇ ಕಿತ್ತು ಬಂದಿದ್ದವು. ಅಂದರೆ ಯಾರೋ ಆ ತೋಳನ್ನು ಹೊರಮುಖವಾಗಿ, ದಿನವೂ, ಬಲವಾಗಿ ನೂಕುತ್ತಿದ್ದರು. ಕುರ್ಚಿಯನ್ನು ತೋಳು ಹಿಡಿದು ಎಳೆದಾಡುತ್ತಾರೆ ಎಂದು ನಾನು ತೀರ್ಮಾನ ಮಾಡಿದೆ. ಮನೆಯಲ್ಲಿ ಇರುವವರು ಇಬ್ಬರೇ. ಅತ್ತಿಗೆಯನ್ನು ಕೇಳಿದೆ. “ಕಸಾ ಹೊಡಿಯೂ ಮುಂದ ಖುರ್ಚಿ ಎಳೀತೀರೇನ್ರಿ?”

“ನಾ ಅದನ್ನ ಮುಟ್ಟೂದ ಇಲ್ಲಪಾ. ಅಂಜಿಕಿ ಬರತೈತಿ.”

ನನಗೆ ನಂಬಿಕೆ ಬರಲಿಲ್ಲ. ಬಲಗಡೆಯ ತೋಳಿನ ಮೇಲೆ ತೆಳ್ಳಗೆ, ಒಂದೇ ಸಮ ಕೆಂಪು ಧೂಳು ಕೂತಿತ್ತು. ಎಡತೋಳು ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. “ಒರಸೂದಾದ್ರ ಎರಡೂ ಕಡೆ ಒರಸ್ರಿ, ಅರ್ಧಾ ಯಾಕ ಬಿಟ್ಟೀರಿ?” ಎಂದೆ. ಅತ್ತಿಗೆ ಗೊಂದಲದಿಂದ ನನ್ನ ಮುಖ ನೋಡಿದರು. ಅವರು ಒಂದು ಕಡೆಯನ್ನೂ ಒರೆಸಿರಲಿಲ್ಲ.

ಕಟ್ಟಿಗೆಯ ಮೇಲಿನ ಒಂದೊಂದು ಗೀರು ಓದುವವನು ನಾನು. ಮಂಚದ ಕಾಲು ನೋಡಿ ಅದರಲ್ಲಿ ಮಲಗುವವನು ಯಾವ ಮಗ್ಗುಲಿಗೆ ಏಳುತ್ತಾನೆ ಎಂದು ಹೇಳಿ ಗಿರಾಕಿಗಳನ್ನು ಬೆರಗು ಮಾಡುತ್ತಿದ್ದೆ. ಆ ಧೂಳನ್ನು ಮಾತ್ರ ಓದದೆ, ನಾನೇ ಬಟ್ಟೆ ತೆಗೆದುಕೊಂಡು ಒರೆಸಿಬಿಟ್ಟೆ.

ಹಗ್ಗ ಬಿಗಿದು ಬಂದೆ. “ಗಟ್ಟಿ ಐತಿ” ಎಂದು ಅಣ್ಣನ ಫೋನು ಬಂತು. ಅವನ ದನಿಯ ಹಿಂದೆ ಅತ್ತಿಗೆ ಏನೋ ಹೇಳಲು ಹೋದದ್ದು, ಅವನು ಗದರಿದ್ದು ಕೇಳಿಸಿತು. ಅವತ್ತಿನಿಂದ ನನ್ನ ಅಂಗಡಿಯಲ್ಲಿ ಯಾವ ಕುರ್ಚಿ ಕಿರ್ ಎಂದರೂ ನನಗೆ ಬ್ಯಾಡಗಿಯದು ನೆನಪಾಗುತ್ತಿತ್ತು. ಫೋನು ಸದ್ದು ಮಾಡಿದರೆ ಉಳಿ ಕೆಳಗಿಟ್ಟು ಮೊದಲು ಅದನ್ನೇ ನೋಡುತ್ತಿದ್ದೆ. ಶಕುನ ನಂಬದವನಿಗೆ ಇದೆಂಥ ಅಂಜಿಕೆ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಮೂರನೆಯ ಚಿತ್ರ ಬರಲಿಲ್ಲ. ಬಂದದ್ದು ಅತ್ತಿಗೆಯ ಮಾತು. “ಮತ್ತ ಬಿಟ್ಟೈತಿ. ನಿಮ್ಮಣ್ಣ ಅಂಗಿ ಗುಂಡಿ ನನ್ನ ಕಡೆ ಹಾಕಿಸ್ಕೊಳ್ಳಾಕತ್ಯಾರ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಯಾರ. ನಾ ಹೇಳೇನಿ.”

ಈ ಸಲ ಬಟ್ಟೆ ಕಟ್ಟಿಕೊಂಡೇ ಹೋದೆ. ಸಂದು ಬಿಚ್ಚಿ, ಕಿತ್ತ ಎಳೆಗಳನ್ನು ಕೆರೆದು, ಸಾಗವಾನಿಯ ತೆಳ್ಳನೆಯ ಚಕ್ಕೆ ಸೇರಿಸಿ, ಅಂಟು ಹಾಕಿ ಬಿಗಿದು, ಹೋಗದೆ ಅಲ್ಲೇ ಉಳಿದೆ. ಊಟಕ್ಕೆ ಕೂತಾಗ ಅಣ್ಣನ ತಾಟಿನಲ್ಲಿ ರೊಟ್ಟಿ ಇರಲಿಲ್ಲ. ಅನ್ನ ಕಲಸಿ ಚಮಚ ಇಟ್ಟಿದ್ದರು. ಎಡಗೈಯಲ್ಲಿ ಉಣ್ಣುತ್ತ ಅವನು ತಲೆ ಎತ್ತಲಿಲ್ಲ. ಜೋಳದ ರೊಟ್ಟಿ ಮುರಿಯುವುದಕ್ಕೆ ಎರಡು ಕೈ ಬೇಕು ಎಂದು ಆ ಹೊತ್ತಿನವರೆಗೆ ನಾನು ಯೋಚಿಸಿಯೇ ಇರಲಿಲ್ಲ. ನಾನೂ ಅನ್ನವನ್ನೇ ಹಾಕಿಸಿಕೊಂಡೆ.

ಮರುದಿನ ಬಿಸಿಲೇರಿದ ಮೇಲೆ ಹಗ್ಗ ಬಿಚ್ಚಿದೆ. “ಅಣ್ಣಾ, ಬಾ. ಕುಂದ್ರು. ಎದ್ದು ತೋರ್ಸು” ಎಂದೆ.

ಅವನ ಮುಖ ಕೆಂಪಾಯಿತು. “ನನಗಲೇ? ನನ್ನ ಎಬ್ಬಿಸಿ ನೋಡಾವ ಆದೇನು ನೀ?”

“ಹೂಂ. ಇವತ್ತ ನೀ ಗಿರಾಕಿ.”

ಬೈಯುತ್ತಲೇ ಬಂದು ಕೂತ. ನಾನು ಎಡಗಡೆಗೆ ಮೊಣಕಾಲೂರಿ ಸಂದಿಗೆ ಕಿವಿ ಇಟ್ಟೆ. ಅವನು ಎಡ ಅಂಗೈ ತೋಳಿಗೆ ಊರಿದ. ಭಾರ ಬಿದ್ದದ್ದೇ ಕುರ್ಚಿಯ ತೋಳು ನನ್ನ ಕೆನ್ನೆಗೆ ಒತ್ತಿತು. ಮೈಯೆಲ್ಲ ಎಡಕ್ಕೆ ವಾಲಿ, ಇಡೀ ಮನುಷ್ಯ ಆ ಒಂದು ಸಂದಿನ ಮೇಲೆ ಬಂದ. ಒಳಗೆ ಕಟ್ಟಿಗೆ ನರಳುವ ಸದ್ದು ಕೇಳಿಸಿತು. ತಲೆ ಎತ್ತಿ ಬಲಗಡೆ ನೋಡಿದೆ. ಅವನ ಬಲಗೈ ತೋಳಿನ ಮೇಲೆ ಅಂಗಾತ ಬಿದ್ದಿತ್ತು. ಬೆರಳು ಅರ್ಧ ಮಡಚಿದ್ದವು.

“ಎರಡೂ ಕೈ ಊರು ಅಣ್ಣಾ.”

“ಊರೇನಲ್ಲೋ” ಎಂದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ನನ್ನ ಕಣ್ಣಲ್ಲಿ ಕಣ್ಣಿಟ್ಟು, ಸಿಟ್ಟಿನಿಂದ ಹೇಳಿದ. ತಾನು ಊರಿದ್ದೇನೆ ಎಂದೇ ಅವನಿಗೆ ಅನಿಸಿತ್ತು. ನಾನು ಅವನ ಬಲಗೈ ಹಿಡಿದು ಎತ್ತಿ ಬಿಟ್ಟೆ. ಅದು ತೋಳಿನ ಮೇಲೆ ಬಿದ್ದು ಅಲ್ಲಿಂದ ತೊಡೆಗೆ ಜಾರಿತು. ಆಗ ಅವನೂ ಅದನ್ನು ನೋಡಿದ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಓಡಿ ಬಂದು ಆ ಕೈ ಹಿಡಿದುಕೊಂಡರು. ನಾನು ಗಟ್ಟಿ ಎನ್ನಲಿಲ್ಲ.

ಗಾಡಿ ಕರೆಸಿ ಹಾವೇರಿಯ ಆಸ್ಪತ್ರೆಗೆ ಒಯ್ದೆವು. ದಾರಿಯಲ್ಲಿ ಅಣ್ಣ ಒಂದೇ ಮಾತು ಆಡಿದ. “ಅಪ್ಪಗೂ ಹಿಂಗ ಆಗಿತ್ತಲ್ಲೋ.” ಅಪ್ಪ ಹೋದದ್ದು ಲಕ್ವಾ ಹೊಡೆದು. ಅದು ಊರಿಗೆಲ್ಲ ಗೊತ್ತು. ಹೊಡೆಯುವ ಮುಂಚೆ ಎಷ್ಟು ದಿನ ಅವನ ಒಂದು ಕೈ ಹೀಗೆ ಸೋಲುತ್ತ ಬಂದಿತ್ತು, ಎಷ್ಟು ದಿನ ಮುಚ್ಚಿಟ್ಟಿದ್ದ ಎನ್ನುವುದು ಕುರ್ಚಿಗೊಂದೇ ಗೊತ್ತಿರಬೇಕು. ಆಮೇಲೆ ಒಂದು ದಿನ ಅದರ ಬಲಗಡೆಯ ಸಂದನ್ನು ಬೆಳಕಿಗೆ ಹಿಡಿದು ನೋಡಿದೆ. ಅಣ್ಣನ ಕೈಯ ಹಳೆಯ ಚಕ್ಕೆ ಅಲ್ಲಿತ್ತು. ನೀಟಾದ ಕೆಲಸ. ಅಪ್ಪನಿಗೆ ಬಿದ್ದು ಹೋದದ್ದು ಎಡಗೈ.

ಹಾವೇರಿಯಲ್ಲಿ ತಲೆಯ ಚಿತ್ರ ತೆಗೆದರು. ತಲೆಗೆ ಪೆಟ್ಟು ಬಿದ್ದಿತ್ತೇ ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆವು ಇಬ್ಬರೂ. ಸ್ವಲ್ಪ ಹೊತ್ತಿನ ಮೇಲೆ ಅತ್ತಿಗೆಗೆ ಗಿಡ್ಡ ಬಾಗಿಲು ನೆನಪಾಯಿತು. ಬುರುಡೆಯ ಒಳಗೆ ರಕ್ತ ಹನಿಹನಿಯಾಗಿ ಸೇರುತ್ತ, ತಿಂಗಳುಗಟ್ಟಲೆ ಮಿದುಳನ್ನು ಒತ್ತುತ್ತ ಬಂದಿತ್ತು. ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಅಲ್ಲಿ ತಲೆ ಕೊರೆದು ರಕ್ತ ತೆಗೆದರು. ಜೀವ ಉಳಿಯಿತು. ಕೈಯೂ ಕಾಲೂ ಬರಬಹುದು, ಬರದೆಯೂ ಇರಬಹುದು, ತಡವಾಗಿದೆ ಎಂದರು.

ಈಗ ಅಣ್ಣ ಬ್ಯಾಡಗಿಯಲ್ಲಿ ಮಂಚದ ಮೇಲಿದ್ದಾನೆ. ಕುರ್ಚಿಯನ್ನು ಅವನ ಕಣ್ಣಿಗೆ ಕಾಣುವಂತೆ ಎದುರಿಗೇ ಇಡಿಸಿಕೊಂಡಿದ್ದಾನೆ. ಹತಾರದ ಕೋಣೆಯ ಚೌಕಟ್ಟನ್ನು ನಾನೇ ಕಿತ್ತು ಎತ್ತರ ಮಾಡಿದೆ. ಅಪ್ಪ ಏನಾದರೂ ಅಂದುಕೊಳ್ಳಲಿ. ಭಾನುವಾರ ಹೋದಾಗಲೆಲ್ಲ ಅಣ್ಣ ತೊದಲುತ್ತ ಕೇಳುವುದು ಒಂದೇ.

“ಬಿಟ್ಟೈತೇನೋ?”

ನಾನು ಹೋಗಿ ಎಡತೋಳಿನ ಸಂದಿಗೆ ಹೆಬ್ಬೆರಳು ಇಟ್ಟು ಒತ್ತಿ ನೋಡುತ್ತೇನೆ. “ಇಲ್ಲಣ್ಣಾ. ಹಿಡದೈತಿ.”

ಮೊದಲ ಸಲ ಹಾಗೆ ಹೇಳಿದಾಗ ಅವನಿಗೆ ಖುಷಿಯಾದೀತು ಎಂದುಕೊಂಡಿದ್ದೆ. ಅವನು ಗೋಡೆಯ ಕಡೆ ಮುಖ ಮಾಡಿದ. ಗೋಡೆಗೇ ಹೇಳುವಂತೆ “ಬಿಡಬೇಕಲ್ಲೋ ಅದು” ಎಂದ. ನಾನು ಹಿತ್ತಲಿಗೆ ಹೋಗಿ, ಅಂಟು ಕುದಿಸುವ ಕಲ್ಲಿನ ಮೇಲೆ ಕೂತು ಅತ್ತೆ.

ಅತ್ತಿಗೆಗೆ ಈಗ ಕುರ್ಚಿಯ ಅಂಜಿಕೆ ಇಲ್ಲ. ದಿನಾ ಬೆಳಿಗ್ಗೆ ಎರಡೂ ತೋಳು ಒರೆಸಿ, ಸಂದಿನ ಚಿತ್ರ ನನಗೆ ಕಳಿಸುತ್ತಾರೆ. ಅಣ್ಣನನ್ನು ಎಬ್ಬಿಸಿ ಒಮ್ಮೆಯಾದರೂ ಅದರಲ್ಲಿ ಕೂರಿಸಬೇಕೆಂದು ಹೆಣಗಿ, ಆಗದೆ ಬಿಡುತ್ತಾರೆ. ಇಷ್ಟು ವರ್ಷ ನಾನು ಹಾಕಿದ ಅಂಟು ಹಿಡಿಯಲಿ ಎಂದು ಬೇಡಿಕೊಂಡು ಹಗ್ಗ ಬಿಗಿದವನು, ಅಣ್ಣ ಅದರಲ್ಲಿ ಕೂತು, ಕೈ ಊರಿ ಎದ್ದು, ಈ ಒಂದು ಸಂದು ಬಿಡಲಿ ಎಂದು ಕಾಯುತ್ತ ಕೂತಿದ್ದೇನೆ.

ಇವತ್ತು ಬೆಳಿಗ್ಗೆಯೂ ಫೋನಿಗೆ ಚಿತ್ರ ಬಂತು. ತೆಗೆದು ದೊಡ್ಡದು ಮಾಡಿ ನೋಡಿದೆ. ಸಂದು ಗಟ್ಟಿಯಾಗಿ ಹಿಡಿದಿತ್ತು.